ಬಾಲಾಚಡಿಗೆ ಬಂದ ಪೋಲೆಂಡಿನ ಮಕ್ಕಳು

ಯುದ್ಧದ ಚರಿತ್ರೆಯಲ್ಲಿ ಮಡಿದ ಸೈನಿಕರ ಲೆಕ್ಕ ಸಿಗುತ್ತದೆ, ಗೆದ್ದ ಊರುಗಳ ಪಟ್ಟಿಯೂ ಸಿಗುತ್ತದೆ. ಆದರೆ ಮನೆ, ತಾಯ್ತಂದೆ, ಶಾಲೆ ಮೂರನ್ನೂ ಕಳೆದುಕೊಂಡ ಮಕ್ಕಳ ಕಥೆ ಸಿಗುವುದು ಅಪರೂಪ. ಅಂಥ ನೂರಾರು ಮಕ್ಕಳು ಎರಡನೇ ಮಹಾಯುದ್ಧದ ನಡುವೆ ಪೋಲೆಂಡಿನಿಂದ ಗುಜರಾತಿನ ಕಡಲ ತೀರಕ್ಕೆ ಬಂದು ಸೇರಿದ್ದರೆಂಬುದು ಇಂದು ಅನೇಕರಿಗೆ ತಿಳಿಯದು.

1939ರ ಸೆಪ್ಟೆಂಬರ್ 1ರಂದು ಜರ್ಮನಿ, 17ರಂದು ಸೋವಿಯತ್ ಒಕ್ಕೂಟ ಪೋಲೆಂಡಿನ ಮೇಲೆ ದಾಳಿ ನಡೆಸಿದವು. ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು 1940 ಮತ್ತು 1941ರಲ್ಲಿ ಸರಕು ರೈಲುಗಳಲ್ಲಿ ತುಂಬಿ ಸೈಬೀರಿಯ, ಕಜಕಸ್ತಾನಗಳಿಗೆ ಸಾಗಿಸಲಾಯಿತು. ಹಸಿವು, ಚಳಿ, ಟೈಫಸ್ ಜ್ವರಕ್ಕೆ ಬಹಳ ಮಂದಿ ಬಲಿಯಾದರು. 1941ರಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆಯೇ ಎರಗಿದಾಗ ಸ್ಟಾಲಿನ್‌ಗೆ ಮಿತ್ರರು ಬೇಕಾದರು. ಪೋಲರಿಗೆ ಬಿಡುಗಡೆ ದೊರೆಯಿತು. ಮರುವರ್ಷ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಇರಾನಿಗೆ ದಾಟಿದರು. ಹೀಗೆ ಹೊರಬಿದ್ದ ಮಕ್ಕಳಲ್ಲಿ ಹಲವರು ಅನಾಥರು. ಇನ್ನು ಕೆಲವರ ತಂದೆ ಸೈನ್ಯದಲ್ಲಿದ್ದರು.

ಈ ಮಕ್ಕಳಿಗೆ ಆಶ್ರಯ ಕೊಡಲು ಮುಂದೆ ಬಂದವರು ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ. ರಣಜಿ ಟ್ರೋಫಿಗೆ ಹೆಸರು ಕೊಟ್ಟ ರಣಜಿತ್‌ಸಿಂಹಜಿಯವರ ಸೋದರನ ಮಗ ಇವರು. 1942ರಲ್ಲಿ ಜಾಮ್‌ನಗರದ ಸಮೀಪ ಬಾಲಾಚಡಿಯಲ್ಲಿ ಶಿಬಿರ ಎದ್ದಿತು. ಮಕ್ಕಳು ರಾಜರನ್ನು 'ಬಾಪು' ಎಂದೇ ಕರೆದರು.

ಅನ್ನ, ಬಟ್ಟೆ ಕೊಟ್ಟರೆ ಇಂಥ ಮಕ್ಕಳು ಚೇತರಿಸಿಕೊಳ್ಳುವರೇ? ಜೀವ ಉಳಿಯಬಹುದು, ಆದರೆ ತಾನು ಯಾರೆಂಬುದೇ ಮರೆತುಹೋಗುವ ಅಪಾಯವಿರುತ್ತದೆ. ಬಾಲಾಚಡಿಯಲ್ಲಿ ಪೋಲಿಷ್ ಶಿಕ್ಷಕರು ಪೋಲಿಷ್ ಭಾಷೆಯಲ್ಲೇ ಪಾಠ ಹೇಳಿದರು. ಸ್ಕೌಟ್ ದಳ, ಪ್ರಾರ್ಥನೆ, ನಾಟಕ, ಆಟ ಎಲ್ಲವೂ ಇದ್ದವು. ತಾಯ್ತಂದೆಯರಿಂದ ಅಗಲಿದ ಮಕ್ಕಳ ಶಿಕ್ಷಣವನ್ನು ಸಾಧ್ಯವಾದಷ್ಟೂ ಅವರದೇ ಸಂಸ್ಕೃತಿಯವರಿಗೆ ಒಪ್ಪಿಸಬೇಕೆಂದು 1949ರ ನಾಲ್ಕನೇ ಜಿನೀವಾ ಒಪ್ಪಂದ ಹೇಳುತ್ತದೆ. ಕಾನೂನು ಬರುವ ಮುನ್ನವೇ ಬಾಲಾಚಡಿ ಅದನ್ನು ಮಾಡಿ ತೋರಿಸಿತ್ತು.

ನಮ್ಮ ಬೆಳಗಾವಿಯ ನೆರೆಯ ಕೊಲ್ಲಾಪುರದ ಬಳಿ ವಳಿವಡೆಯಲ್ಲಿ 1943ರಿಂದ 1948ರವರೆಗೆ ಇನ್ನೂ ದೊಡ್ಡ ಶಿಬಿರವಿತ್ತು. ಅಲ್ಲಿದ್ದ ಸುಮಾರು 5,000 ಪೋಲರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು.

1945ರಲ್ಲಿ ಯುದ್ಧ ಮುಗಿಯಿತು, ನಿರಾಶ್ರಿತರ ಪಾಡು ಮುಗಿಯಲಿಲ್ಲ. ಇವರ ಹುಟ್ಟೂರುಗಳಿದ್ದ ಪೂರ್ವ ಪೋಲೆಂಡ್ ಸೋವಿಯತ್ ಒಕ್ಕೂಟದ ಪಾಲಾಗಿತ್ತು. ಕೆಲವರು ಹೊಸ ಗಡಿಯೊಳಗಿನ ಪೋಲೆಂಡಿಗೆ ಮರಳಿದರು. ಉಳಿದವರು ಬ್ರಿಟನ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಬದುಕು ಕಟ್ಟಿಕೊಂಡರು. ಬಾಲಾಚಡಿಯಲ್ಲಿ ಈಗ ಸೈನಿಕ ಶಾಲೆಯಿದೆ. ವಾರ್ಸಾ ನಗರದಲ್ಲಿ 'ಒಳ್ಳೆಯ ಮಹಾರಾಜ'ನ ಹೆಸರಿನ ಚೌಕವಿದೆ.

ಜಗತ್ತಿನ ಜನಸಂಖ್ಯೆಯಲ್ಲಿ ಮಕ್ಕಳು ಶೇ 30ರಷ್ಟು. ಆದರೆ ಬಲವಂತವಾಗಿ ನೆಲೆ ತಪ್ಪಿದವರಲ್ಲಿ ಅವರ ಪಾಲು ಶೇ 40ರಷ್ಟೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳುತ್ತದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ಪ್ರತ್ಯೇಕ ನಿರಾಶ್ರಿತರ ಕಾನೂನೂ ಇಲ್ಲ. ಅಂದು ಒಬ್ಬ ಅರಸನ ಕರುಣೆ ಆ ಮಕ್ಕಳನ್ನು ಕಾಯಿತು. ಗಡಿ ದಾಟಿ ಬರುವ ಪ್ರತಿ ಮಗುವಿಗೂ ಅಂಥ ಅರಸ ಸಿಗುತ್ತಾನೆಂಬ ಭರವಸೆ ಎಲ್ಲಿದೆ?