ಚೀಟಿಯಲ್ಲಿ ಕಾಣುವ ಕೊಟ್ಟಿಗೆ

ಬೆಳಗಿನ ಆರೂವರೆಗೆ ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಡೈರಿ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಿಲ್ಲ. ಕ್ಯಾನು, ಸ್ಟೀಲ್ ಬಕೆಟ್ಟು ಹಿಡಿದು ಹೊರಟವರ ಹಿಂದೆ ನಡೆದರಾಯಿತು. ಬೋರ್ಡಿನ ಮೇಲೆ ‘ಹಾಲು ಉತ್ಪಾದಕರ ಸಹಕಾರ ಸಂಘ’ ಎಂದಿರುತ್ತದೆ. ಊರವರ ಬಾಯಲ್ಲಿ ಅದು ಬರೀ ಡೈರಿ. ಸಾಲಿನಲ್ಲಿ ಹೆಂಗಸರೇ ಹೆಚ್ಚು. ಟೆಸ್ಟರ್ ಹಾಲನ್ನು ಅಳೆದು, ಒಂದಿಷ್ಟು ಸ್ಯಾಂಪಲ್ ತೆಗೆದು ಮಷಿನ್ನಿಗೆ ಹಿಡಿಯುತ್ತಾನೆ. ಚೀಟಿ ಹೊರಬರುತ್ತದೆ: ಫ್ಯಾಟ್ 3.4, ಎಸ್‌ಎನ್‌ಎಫ್ 8.3.

“ಯಾಕಣ್ಣ, ನೆನ್ನೆ ಸಂಜೆ ಮೂರು ಎಂಟು ಬಂದಿತ್ತಲ್ಲ?”

“ಹಸೂನ ಕೇಳಕ್ಕ, ಮಷಿನ್ ಏನ್ ಮಾಡ್ತದೆ?”

ತಮಾಷೆಯಂತೆ ಕೇಳಿದರೂ ಹೈನುಗಾರಿಕೆಯ ಕಷ್ಟಸುಖವೆಲ್ಲ ಆ ಮಾತಿನಲ್ಲಿದೆ. ಫ್ಯಾಟ್ ಎಂದರೆ ಜಿಡ್ಡು. ಎಸ್‌ಎನ್‌ಎಫ್ ಎಂದರೆ ಜಿಡ್ಡು ಬಿಟ್ಟು ಹಾಲಿನಲ್ಲಿ ಉಳಿಯುವ ಪ್ರೋಟೀನು, ಸಕ್ಕರೆ, ಖನಿಜ. ಹಸುವಿನ ಹಾಲಿಗೆ 3.5 ಮತ್ತು 8.5 ಸಾಮಾನ್ಯವಾಗಿ ಅಳತೆಗೋಲು; ಅದಕ್ಕಿಂತ ಇಳಿದರೆ ದರವೂ ಇಳಿಯುತ್ತದೆ. ಹಿಂದೆ ಲ್ಯಾಕ್ಟೋಮೀಟರ್ ತೇಲಿಬಿಟ್ಟು ‘ಡಿಗ್ರಿ’ ನೋಡುತ್ತಿದ್ದರು. ಜಿಡ್ಡಿನ ಲೆಕ್ಕಕ್ಕೆ ಗಾಜಿನ ಬ್ಯುಟಿರೋಮೀಟರಿನಲ್ಲಿ ಹಾಲಿನ ಜೊತೆ ಆಸಿಡ್ ಬೆರೆಸಿ ತಿರುಗಿಸಬೇಕಿತ್ತು. ಈಗ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಆ ಎರಡು ಅಂಕಿ ಯಾಕೆ ಏರಿತು, ಯಾಕೆ ಇಳಿಯಿತು ಎಂಬುದಕ್ಕೆ ಉತ್ತರ ಹುಡುಕಲು ಕೊಟ್ಟಿಗೆಗೇ ಹೋಗಬೇಕು.

ಮೊದಲ ಉತ್ತರ ಹೊತ್ತಿನದು. ಸಂಜೆ ನಾಲ್ಕೂವರೆಗೆ ಕರೆದರೆ ಬೆಳಿಗ್ಗೆ ಐದೂವರೆಗೆ ಹದಿಮೂರು ಗಂಟೆ ಅಂತರವಾಗುತ್ತದೆ. ಅಂತರ ಉದ್ದವಾದಷ್ಟೂ ಹಾಲು ಹೆಚ್ಚು, ಜಿಡ್ಡು ತೆಳು. ಎರಡನೆಯದು ಕೈಯದು. ಕೆಚ್ಚಲು ತೊಳೆದು ನೀವಿದ ಮೇಲೆ ಹಸು ಸೊರೆ ಬಿಡುವುದು ಐದಾರು ನಿಮಿಷ ಮಾತ್ರ. ಅಷ್ಟರೊಳಗೆ ಪೂರ್ತಿ ಕರೆಯಬೇಕು. ಮೊದಲ ಹಾಲು ನೀರಾಗಿರುತ್ತದೆ, ಜಿಡ್ಡೆಲ್ಲ ಕೊನೆಯ ಹಿಂಡುಗಳಲ್ಲಿರುತ್ತದೆ. ಅವಸರಕ್ಕೆ ಅರ್ಧಕ್ಕೇ ಎದ್ದರೆ, ಇಲ್ಲವೇ ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ, ಕರು ಗೆಲ್ಲುತ್ತದೆ, ಚೀಟಿ ಸೋಲುತ್ತದೆ.

ಮೂರನೆಯದು ಮೇವಿನ ಲೆಕ್ಕ. ಹಾಲು ಹೆಚ್ಚಲೆಂದು ಬೂಸ, ಹಿಂಡಿ, ಫೀಡ್ಸನ್ನೇ ಸುರಿದರೆ ಹಾಲೇನೋ ಬಂದೀತು, ಫ್ಯಾಟ್ ಬೀಳುತ್ತದೆ. ಜಿಡ್ಡು ಕಟ್ಟುವುದು ಹೊಟ್ಟೆಯಲ್ಲಿ ಕೊಳೆತು ಕರಗುವ ನಾರಿನಿಂದ. ರಾಗಿ ಹುಲ್ಲಿನ ಬಣವೆ ಹಾಕಿಕೊಂಡವರು ಬೇಸಿಗೆಯಲ್ಲಿ ಬಚಾವಾಗುವುದು ಇದರಿಂದಲೇ. ಹಸಿರಿಗೆ ಒಂದಿಷ್ಟು ಸೀಮೆಹುಲ್ಲು, ಮುಸುಕಿನ ಜೋಳ ಬೇಕು. ಅದಕ್ಕೆ ನೀರು ಬೇಕು. ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ ಐವತ್ತು, ಅರವತ್ತು ಲೀಟರ್ ಕುಡಿಯುವುದು ಮಾಮೂಲು. ಕೊಳವೆಬಾವಿ ಬತ್ತಿದ ಊರಿನಲ್ಲಿ ಹಸು ಕಟ್ಟುವುದೆಂದರೆ ಮೊದಲು ನೀರು ಹೊರಲು ತಯಾರಾಗುವುದು. ತಂಪುದೇಶದ ಎಚ್‌ಎಫ್ ತಳಿ ನಮ್ಮ ಏಪ್ರಿಲ್ ಬಿಸಿಲಿಗೆ ತೇಕುತ್ತ ನಿಂತು ಮೇವು ಬಿಡುತ್ತದೆ. ಶೀಟಿನ ಕೊಟ್ಟಿಗೆಯ ಮೇಲೆ ತೆಂಗಿನ ಗರಿ ಹೊದಿಸಿದವರಿಗೆ ಆ ಖರ್ಚು ಹಾಲಿನಲ್ಲಿ ವಾಪಸ್ಸಾಗುತ್ತದೆ.

ಎಸ್‌ಎನ್‌ಎಫ್ ಇಳಿದರೆ ಕೆಚ್ಚಲು ಬಾವಿನ ಅನುಮಾನವೂ ಇರಬೇಕು. ಬಾವು ಕಣ್ಣಿಗೆ ಕಾಣುವ ಮೊದಲೇ ಹಾಲು ಕೆಡುತ್ತಿರುತ್ತದೆ. ಅನುಭವಸ್ಥರು ಮೊದಲ ಮೂರ್ನಾಲ್ಕು ಹಿಂಡನ್ನು ಕಪ್ಪು ಬಟ್ಟೆಯ ಮೇಲೆ ಕರೆದು ಗರಣೆ ಕಟ್ಟಿದೆಯೇ ನೋಡುತ್ತಾರೆ. ಕರೆದ ಕೂಡಲೇ ಹಸುವಿನ ಮುಂದೆ ಒಂದು ತೆಕ್ಕೆ ಮೇವು ಹಾಕುವುದೂ ಕಾರಣವಿಲ್ಲದೆ ಅಲ್ಲ. ಕರೆದಾದ ಮೇಲೆ ಮೊಲೆತೊಟ್ಟಿನ ತೂತು ಅರ್ಧ ಗಂಟೆಯಾದರೂ ತೆರೆದೇ ಇರುತ್ತದೆ. ಆಗ ಹಸು ಗಂಜಲದ ಮೇಲೆ ಮಲಗಿದರೆ ಸೋಂಕು ನೇರ ಒಳಗೆ. ಬಾವು ಬಂದು ಆಂಟಿಬಯಾಟಿಕ್ ಕೊಡಿಸಿದರೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ. ಔಷಧಿಯ ಖರ್ಚು ಒಂದು ಕಡೆ, ಚೆಲ್ಲಿದ ಹಾಲು ಇನ್ನೊಂದು ಕಡೆ.

ಚೀಟಿಯಲ್ಲಿ ಕಾಣದ ನಷ್ಟ ಬೆದೆಯದು. ಹಸು ಬೆದೆಗೆ ಬರುವುದು 21 ದಿನಕ್ಕೊಮ್ಮೆ, ಇರುವುದು ಒಂದು ಹಗಲೋ ಒಂದು ರಾತ್ರಿಯೋ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುಬೆಳಿಗ್ಗೆ ಇಂಜೆಕ್ಷನ್ ಹಾಕಿಸಬೇಕು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾದಿಟ್ಟ ವೀರ್ಯವೂ ಹೊತ್ತು ತಪ್ಪಿದರೆ ದಂಡ. ಒಂದು ಬೆದೆ ತಪ್ಪಿತೆಂದರೆ ಮೂರು ವಾರ ಮೇವು ಸುಮ್ಮನೆ ಹಾಕಿದ ಹಾಗೆ.

ಇಷ್ಟೆಲ್ಲ ಪಾಡನ್ನು ದುಡ್ಡಾಗಿಸುವ ಕೊಂಡಿಯೇ ಡೈರಿ. ಕರ್ನಾಟಕದಲ್ಲಿ ಅದರ ಕತೆ 1955ರಲ್ಲಿ ಕೊಡಗಿನ ಕೂಡಿಗೆಯಿಂದ ಶುರುವಾಗುತ್ತದೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡೈರಿ ಅಭಿವೃದ್ಧಿ ನಿಗಮ ಬಂತು. ಗುಜರಾತಿನ ಆಣಂದ್ ಮಾದರಿಯಂತೆ ಊರಿಗೊಂದು ಸಂಘ, ಅದರ ಮೇಲೆ ಜಿಲ್ಲಾ ಒಕ್ಕೂಟ, ಎಲ್ಲಕ್ಕೂ ಮೇಲೆ ಮಹಾಮಂಡಳ ಎಂಬ ವ್ಯವಸ್ಥೆ ಬೇರೂರಿತು. 1984ರಲ್ಲಿ ನಿಗಮವೇ ಕೆಎಂಎಫ್ ಆಯಿತು. ನಮ್ಮ ಮನೆ ಬಾಗಿಲಿಗೆ ಬರುವ ನಂದಿನಿ ಅದರದೇ. ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನವೂ ಹೈನುಗಾರರಿಗಿದೆ. ಬಟವಾಡೆಯಲ್ಲಿ ಫೀಡ್ಸ್ ಮೂಟೆಯ ಬಾಕಿ ಮುರಿದುಕೊಂಡು ಉಳಿದದ್ದು ಮನೆಗೆ. ರಾಗಿ ವರ್ಷಕ್ಕೊಮ್ಮೆ, ರೇಷ್ಮೆ ಬೆಳೆಗೊಮ್ಮೆ ದುಡ್ಡು ಕೊಟ್ಟರೆ, ಮಕ್ಕಳ ಫೀಜು, ಸಂಘದ ಕಂತು ಕಟ್ಟುವುದು ಈ ಹಾಲಿನ ದುಡ್ಡೇ.

ಆದರೆ ಆ ದುಡ್ಡಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಈ ಕಡೆಯ ಮದುವೆಮನೆಗಳಲ್ಲಿ ಗಮನಿಸಿ: ಧಾರೆ ಮುಗಿದು, ಊಟದೆಲೆ ಎತ್ತಿ, ಎಲೆಯಡಿಕೆ ಬಾಯಿಗಿಡುವಷ್ಟರಲ್ಲಿ ಮೂರು ಗಂಟೆ. ಯಾರೋ ಒಬ್ಬಾಕೆ ಸೆರಗು ಸರಿಮಾಡಿಕೊಂಡು ಬಸ್ಸು ಕೇಳುತ್ತಾಳೆ. “ಇನ್ನೊಂದ್ ಗಳಿಗೆ ಕೂತ್ಕೊಳವ್ವ” ಎಂದು ಎಷ್ಟು ಎಳೆದರೂ ನಿಲ್ಲುವುದಿಲ್ಲ. ಆ ಗಳಿಗೆ ಇವತ್ತು ಸಂಜೆಯ ಚೀಟಿಯಲ್ಲೇ ಬೀಳುತ್ತದೆಂದು ಅವಳಿಗೆ ಗೊತ್ತು.