ಗಡಸು, ಯಾವುದರ ಎದುರಿಗೆ?

ಕೃಷ್ಣಾ ದಂಡೆಯ ಉಗಾರ ಖುರ್ದದಲ್ಲಿ ಹಾರೆಗೆ ಮಣಿಯದ ಕರಿಕಲ್ಲು ಗಡಸು. ಸಾಬೂನಿಗೆ ನೊರೆ ಬಾರದ ಕೊಳವೆಬಾವಿಯ ನೀರೂ ಗಡಸು. ಕಲ್ಲಿನ ಗಡಸುತನವೇ ಕರಗಿ ನೀರಿಗಿಳಿದಿದೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಗಡಸುತನವೆಂಬುದು ಒಂದು ವಸ್ತು ಇನ್ನೊಂದನ್ನು ಎದುರಿಸಿದಾಗ ಮಾತ್ರ ಕಾಣುವ ಗುಣ. ಯಾವುದರ ಎದುರಿಗೆ ಎಂದು ಕೇಳದೆ ಗಡಸು ಎಂದರೆ ಅರ್ಧ ಮಾತು ಆಡಿದಂತೆ.

ಖನಿಜಗಳಲ್ಲಿ ಈ ಪರೀಕ್ಷೆಯನ್ನು ಕ್ರಮಕ್ಕೆ ತಂದವನು ಫ್ರೆಡ್ರಿಕ್ ಮೋಸ್. 1812ರಲ್ಲಿ ಅವನು ಹತ್ತು ಖನಿಜಗಳನ್ನು ಸಾಲಾಗಿ ಜೋಡಿಸಿದ. ಯಾವುದು ಯಾವುದನ್ನು ಗೀರಬಲ್ಲದು ಎಂಬುದಷ್ಟೇ ಅವನ ಪ್ರಶ್ನೆ. ಟಾಲ್ಕ್ 1, ಜಿಪ್ಸಂ 2, ಸುಣ್ಣದಕಲ್ಲಿನ ಕ್ಯಾಲ್ಸೈಟ್ 3, ಬೆಣಚುಕಲ್ಲು 7, ಕುರುಂದ 9, ವಜ್ರ 10. ಉಗುರಿಗೆ ಜಿಪ್ಸಂ ಮಣಿಯುತ್ತದೆ, ಕ್ಯಾಲ್ಸೈಟ್ ಮಣಿಯದು. ಕ್ಯಾಲ್ಸೈಟನ್ನು ಗೀರುವ ಚಾಕು ಬೆಣಚುಕಲ್ಲಿನ ಮುಂದೆ ಸೋಲುತ್ತದೆ. ಇವು ಸರದಿಯ ಸಂಖ್ಯೆಗಳೇ ಹೊರತು ಅಳತೆಯಲ್ಲ. 9ಕ್ಕೂ 10ಕ್ಕೂ ಒಂದೇ ಮೆಟ್ಟಿಲಾದರೂ ವಜ್ರ ಕುರುಂದಕ್ಕಿಂತ ಹಲವು ಪಟ್ಟು ಗಡಸು. ಅಂಥ ವಜ್ರವೂ ಸುತ್ತಿಗೆಯ ಏಟಿಗೆ ಸೀಳುತ್ತದೆ. ಎದುರಾಳಿ ಬದಲಾದರೆ ತೀರ್ಪೂ ಬದಲಾಗುತ್ತದೆ.

ನೀರಿನ ಹಳೆಯ ಎದುರಾಳಿ ಸಾಬೂನು. ನೀರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಕೂಡಿ ಕರಗದ ಗಸಿಯಾಗುತ್ತವೆ. ಅವು ತೀರುವವರೆಗೆ ನೊರೆ ಏಳುವುದಿಲ್ಲ. ಈ ಲವಣಗಳು ಬರುವುದು ನೆಲದಿಂದ. ಈ ಸೀಮೆಯ ನೆಲದಡಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಆರಿ ಗಟ್ಟಿಯಾದ ಬಸಾಲ್ಟ್. ಅದರ ಫೆಲ್ಡ್‌ಸ್ಪಾರ್ ಮೋಸ್ ಸಾಲಿನಲ್ಲಿ 6ರ ಆಸುಪಾಸು, ಚಾಕುವಿಗೆ ಜಗ್ಗದು. ಆದರೆ ಮಣ್ಣಿನಲ್ಲಿ ಇಂಗುತ್ತ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ಮಳೆನೀರಿಗೆ ಅದು ನಿಧಾನವಾಗಿ ಸೋಲುತ್ತದೆ. ಎರೆಮಣ್ಣಿನ ಸುಣ್ಣದ ಹರಳುಗಳಂತೂ ಇನ್ನೂ ಬೇಗ ಕರಗುತ್ತವೆ. ಚಾಕುವನ್ನು ಸೋಲಿಸುವ ಬೆಣಚುಕಲ್ಲಿನಿಂದ ನೀರಿಗೆ ಗಡಸುತನ ಬರುವುದಿಲ್ಲ. ಚಾಕುವಿಗೆ ಸೋಲುವ ಸುಣ್ಣದಕಲ್ಲಿನಿಂದ ಬರುತ್ತದೆ.

ಹಾಗಾದರೆ ಎರಡಕ್ಕೂ ಒಂದೇ ಹೆಸರಿರುವುದು ಬರೀ ಆಕಸ್ಮಿಕ ಎಂದು ಯಾರಾದರೂ ವಾದಿಸಬಹುದು. ವಸ್ತುವಿನ ದೃಷ್ಟಿಯಿಂದ ಅದು ಸರಿ, ಪರೀಕ್ಷೆಯ ದೃಷ್ಟಿಯಿಂದ ಅಲ್ಲ. ಗೀರಿಗೆ ಬಗ್ಗದ ಕಲ್ಲು, ನೊರೆಗೆ ಬಗ್ಗದ ನೀರು: ಎರಡೂ ಕಡೆ ಹೆಸರು ಬಂದಿರುವುದು ನಮ್ಮ ಕೆಲಸಕ್ಕೆ ಒಡ್ಡಿದ ತಡೆಯಿಂದ. ಕೆಲಸ ಬದಲಾದಂತೆ ದೂರೂ ಬದಲಾಗುತ್ತದೆ. ಅಡುಗೆಮನೆಯಲ್ಲಿ ಬೇಳೆಯ ಪೆಕ್ಟಿನ್‌ಗೆ ಕ್ಯಾಲ್ಸಿಯಂ ಅಂಟಿ ಬೇಳೆ ಬೇಗ ಬೇಯುವುದಿಲ್ಲ. 1939ರಲ್ಲಿ ಶುರುವಾದ ಉಗಾರ ಶುಗರ್ ವರ್ಕ್ಸ್‌ನಂಥ ಕಾರ್ಖಾನೆಗೆ ಉಗಿ ಬೇಕು. ಗಡಸು ನೀರು ಬಾಯ್ಲರಿನ ಕೊಳವೆಗಳಲ್ಲಿ ಕಲ್ಲಿನ ಪದರು ಕಟ್ಟಿ ಶಾಖವನ್ನು ತಡೆಯುತ್ತದೆ, ಕೊಳವೆ ಅತಿಯಾಗಿ ಕಾಯುತ್ತದೆ. ಆದ್ದರಿಂದ ಬಾಯ್ಲರಿನ ನೀರನ್ನು ಮೊದಲೇ ಮೆದುಗೊಳಿಸಬೇಕು.

ಹಾಗೆಂದು ಗಡಸು ನೀರು ಎಲ್ಲಕ್ಕೂ ಕೆಟ್ಟದ್ದೆ? ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ನೀರು ಸಿಗದಿದ್ದರೆ 600ರವರೆಗೂ. ಕ್ಯಾಲ್ಸಿಯಂ, ಮೆಗ್ನೀಸಿಯಂ ದೇಹಕ್ಕೂ ಬೇಕು. ಹೊಲದ ಸಾಕ್ಷಿ ಇನ್ನೂ ಬಲವಾದದ್ದು. ಕಬ್ಬಿಗೆ ಹದ ಮೀರಿ ನೀರು ಹಾಯಿಸಿದ ಎರೆಭೂಮಿ ಸವಳು-ಜವಳಾಗುವುದು, ಅಂದರೆ ಉಪ್ಪುಗಟ್ಟಿ ಜೌಗಾಗುವುದು, ಕೃಷ್ಣಾ ತೀರದ ದೊಡ್ಡ ಸಂಕಟ. ಸವಳನ್ನೂ ಗಡಸನ್ನೂ ಒಂದೇ ಎಂದುಕೊಳ್ಳುವುದು ಇಲ್ಲಿ ದುಬಾರಿಯಾಗುತ್ತದೆ. ಸೋಡಿಯಂ ಹೆಚ್ಚಾದರೆ ಮಣ್ಣಿನ ಕಣಗಳು ಚದುರಿ ನೀರಿಂಗುವ ರಂಧ್ರಗಳು ಮುಚ್ಚುತ್ತವೆ. ಕ್ಯಾಲ್ಸಿಯಂ ಆ ಕಣಗಳನ್ನು ಮತ್ತೆ ಕೂಡಿಸುತ್ತದೆ. ಬಸಿಗಾಲುವೆ ತೆಗೆದು ಜಿಪ್ಸಂ ಹಾಕಬೇಕೆಂದು ಕೃಷಿ ವಿಜ್ಞಾನಿಗಳು ಹೇಳುವುದು ಅದಕ್ಕೇ. ಉಗುರಿಗೆ ಮಣಿಯುವ ಈ ಜಿಪ್ಸಂ ನೀರಲ್ಲಿ ಕರಗಿದರೆ ಕುದಿಸಿದರೂ ಹೋಗದ ಗಡಸುತನ ಬರುತ್ತದೆ. ಅದೇ ಜಿಪ್ಸಂ ಸೋಡಿಯಂನಿಂದ ಕೆಟ್ಟ ನೆಲಕ್ಕೆ ಔಷಧ. ನೀರು ಮೆದುಗೊಳಿಸುವ ಸಾಮಾನ್ಯ ಯಂತ್ರವೋ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ: ಬಟ್ಟೆ ಒಗೆಯಲು ವರ, ಎರೆಮಣ್ಣಿಗೆ ಕೇಡು. ಆದ್ದರಿಂದ ನೀರಿನ ಪರೀಕ್ಷೆಯ ಚೀಟಿ ಕೈಗೆ ಬಂದಾಗ ಗಡಸುತನದ ಅಂಕಿಯೊಂದನ್ನೇ ನೋಡಿ ನಿರ್ಧರಿಸಬಾರದು. ಆ ನೀರು ಹೋಗುವುದು ಬೇಳೆಯ ಪಾತ್ರೆಗೋ, ಬಾಯ್ಲರಿಗೋ, ಕಬ್ಬಿನ ಸಾಲಿಗೋ ಎಂದು ಮೊದಲು ಕೇಳಬೇಕು. ಹೊಲಕ್ಕಾದರೆ ಸೋಡಿಯಂ ಎಷ್ಟಿದೆ ಎಂಬುದನ್ನೂ ಜೊತೆಗಿಟ್ಟು ಓದಬೇಕು.