ಅಕ್ಕಡಿ ಸಾಲಿನ ಬೆಲೆ ಎಷ್ಟು?



ಈ ವರ್ಷ ನಮ್ಮ ಅಪ್ಪ, "ಟ್ರ್ಯಾಕ್ಟರ್‌ನಲ್ಲಿ ಬರೀ ರಾಗಿ ಬಿತ್ತೋಣ, ಅಕ್ಕಡಿ ಸಾಲು ಬೇಡ, ಕೆಲಸ ಜಾಸ್ತಿ" ಅಂದರು. ತಾತ ಒಪ್ಪಲಿಲ್ಲ. "ಹಂಗಾದ್ರೆ ಲೆಕ್ಕ ತೋರಿಸಪ್ಪ" ಅಂದರು ಅಪ್ಪ. ತಾತನಿಗೆ ಬರೆಯಲು ಬಾರದು. ಅದಕ್ಕೆ ನಾನು ನೋಟ್ ಬುಕ್ ಹಿಡಿದು ಕೂತೆ.

ಎಂಟು ಹತ್ತು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ ಅಥವಾ ಹುಚ್ಚೆಳ್ಳು ಬಿತ್ತುವುದೇ ಅಕ್ಕಡಿ ಸಾಲು. ಹೊಲದ ಅಂಚಿಗೆ ಹರಳು, ಜೋಳ. ಒಂದು ಕಡೆ ಹೀಗೆ ಹಲವು ಬಗೆಯ ಜೀವಿಗಳು ಇರುವುದನ್ನು ಜೀವವೈವಿಧ್ಯ ಎನ್ನುತ್ತಾರೆ. ಅದರ ಬೆಲೆಯನ್ನು ಮೂರು ರೀತಿ ಲೆಕ್ಕ ಹಾಕಬಹುದು.

1. ಸಂತೆ ಬೆಲೆ: ಬಂಗಾರಪೇಟೆಯಲ್ಲಿ ಮಾರುವ ಅವರೆಕಾಯಿಯ ಜೊತೆಗೆ ನಾವು ಮನೆಯಲ್ಲಿ ತಿನ್ನುವ ಬೇಳೆ, ದನಕ್ಕೆ ಹಾಕುವ ಸೊಪ್ಪು ಎಲ್ಲವನ್ನೂ ಸೇರಿಸಬೇಕು.

2. ಉಳಿತಾಯದ ಬೆಲೆ: ಅವರೆ, ತೊಗರಿ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದೆ. ಅಷ್ಟು ಯೂರಿಯಾ ಕೊಳ್ಳಲು ಎಷ್ಟು ದುಡ್ಡು ಬೇಕೋ ಅದೇ ಅದರ ಬೆಲೆ. ಹುಚ್ಚೆಳ್ಳು ಕಾಳು ಕಟ್ಟಲು ಜೇನು ಬೇಕು. ಜೇನು ಕೂಲಿ ಕೇಳುವುದಿಲ್ಲ.

3. ಭದ್ರತೆಯ ಬೆಲೆ: ಮಳೆ ಕೈಕೊಟ್ಟು ರಾಗಿ ಹೋದರೂ, ಆಳಕ್ಕೆ ಬೇರು ಬಿಡುವ ತೊಗರಿ ಸ್ವಲ್ಪವಾದರೂ ಕೊಡುತ್ತದೆ.

ಇದರಲ್ಲಿ ಬಿಡಿಸುವ ಕೂಲಿಯನ್ನು ಕಳೆಯಬೇಕು. ಗೊಬ್ಬರದ ಬೆಲೆಯನ್ನೂ, ಅದರಿಂದ ಹೆಚ್ಚಾದ ರಾಗಿಯ ಬೆಲೆಯನ್ನೂ ಎರಡು ಸಲ ಕೂಡಬಾರದು.

ದೊಡ್ಡವರೂ ಇಂಥ ಲೆಕ್ಕ ಹಾಕಿದ್ದಾರೆ. 1997ರಲ್ಲಿ ರಾಬರ್ಟ್ ಕಾಸ್ಟಾಂಜಾ ಮತ್ತು ಸಂಗಡಿಗರು, ಪ್ರಕೃತಿ ಜಗತ್ತಿಗೆ ಮಾಡುವ ಸೇವೆಯ ಬೆಲೆ ವರ್ಷಕ್ಕೆ ಸುಮಾರು 33 ಲಕ್ಷ ಕೋಟಿ ಡಾಲರ್ ಎಂದರು.

ಲೆಕ್ಕಕ್ಕೆ ಬಾರದ್ದು ಏನಾಗುತ್ತದೆ? ಕೆ.ಜಿ.ಎಫ್. ನೋಡಿ. ಚಿನ್ನವನ್ನು ಗ್ರಾಂ ಗ್ರಾಂ ತೂಗಿದರು. 2001ರಲ್ಲಿ ಗಣಿ ಮುಚ್ಚಿತು. ಸೈನೈಡ್ ಗುಡ್ಡಗಳು ಮಾತ್ರ ಉಳಿದವು, ಗಾಳಿ ಬೀಸಿದರೆ ಧೂಳು ಊರ ಮೇಲೆ ಬರುತ್ತದೆ. ನಮ್ಮ ಜಿಲ್ಲೆಯ ಹೊಲಗಳಿಗೆ ನೀಲಗಿರಿ ಹಾಕಿದಾಗಲೂ ಮರದ ದುಡ್ಡು ಎಣಿಸಿದರು, ಅದು ಕುಡಿದ ನೀರನ್ನು ಎಣಿಸಲಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ನನ್ನ ಲೆಕ್ಕ ನೋಡಿ ಅಪ್ಪ ಸುಮ್ಮನಾದರು. ಆಮೇಲೆ, "ಅರ್ಧ ಹೊಲಕ್ಕೆ ಅಕ್ಕಡಿ ಇರಲಿ, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡೋಣ" ಅಂದರು. ತೂಗಿದ ಮೇಲೆ ಇದೇ ಗೋಡೆಯ ಮೇಲೆ ಬರೆಯುತ್ತೇನೆ. ನೀವೂ ನಿಮ್ಮ ಹೊಲದ ಲೆಕ್ಕ ಬರೆಯಿರಿ.